ಗಾಡಿಯ ಬೆನ್ನಿನ ದುಂಡಕ್ಷರ

ಕಾಲೇಜಿನ ವಾರ್ಷಿಕ ಸಮಾರಂಭದ ಫಲಕಕ್ಕೆ ಅಕ್ಷರಶೈಲಿ ಆರಿಸುವ ಕೆಲಸ ನಿನ್ನೆ ನನ್ನ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ಒಂದೊಂದೇ ನೋಡುತ್ತ ಹೋದಾಗ ಸಿಕ್ಕಿತು: ಎಲ್ಲೂ ಮೂಲೆಯಿಲ್ಲದ, ಆಗಷ್ಟೇ ಎಣ್ಣೆಯಲ್ಲಿ ಉಬ್ಬಿದ ಪೂರಿಯಂಥ ದಪ್ಪ ಅಕ್ಷರ. ಒಬ್ಬಳೇ ನಕ್ಕೆ. ನಿಮಗೂ ಅದರ ಪರಿಚಯವಿದೆ. ಐಸ್‌ಕ್ರೀಮ್ ಗಾಡಿ, ಮಕ್ಕಳ ಬಟ್ಟೆ ಅಂಗಡಿ, ಅಂಗನವಾಡಿಯ ಗೋಡೆ, ಎಲ್ಲೆಲ್ಲಿ ಗಂಭೀರವಾಗಿರಬೇಕಿಲ್ಲವೋ ಅಲ್ಲೆಲ್ಲ ಅದಿರುತ್ತದೆ. ಒಂದು ಕಾಲಕ್ಕೆ ನನ್ನ ಹೆಸರೂ ಅದರಲ್ಲೇ ಇತ್ತು.

ನಾನು ಧಾರವಾಡಕ್ಕೆ ಎಂ.ಎ. ಓದಲು ಹೋದ ವರ್ಷ, ಹಾವೇರಿಯಲ್ಲಿ ಅಪ್ಪ ಒಂದು ನೀಲಿ ಟೆಂಪೊ ಕೊಂಡರು. ಗುತ್ತಲದ ಕಡೆಯಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿ. ರಜೆಗೆ ಬಂದು ನೋಡಿದರೆ ಅದರ ಬೆನ್ನ ತುಂಬ ಹಳದಿ ರೇಡಿಯಂ ಸ್ಟಿಕರಿನಲ್ಲಿ ನನ್ನ ಹೆಸರು! ಅದನ್ನು ಇಲ್ಲಿ ಬರೆಯುವುದಿಲ್ಲ. ಆಗ ಬ್ಯಾಡಗಿ ರಸ್ತೆಯಲ್ಲಿ ಓಡಾಡಿದ್ದರೆ ನೀವು ಓದಿಯೇ ಇರುತ್ತೀರಿ.

“ಸಣ್ಣ ಅಕ್ಷರದಾಗ ಹಚ್ಚಸಬಾರದಿತ್ತೇನ್ರಿ ಅಪ್ಪಾ?”

“ರಾಣೆಬೆನ್ನೂರಿನ ಸ್ಟಿಕರ್ ಅಂಗಡಿಯಾಂವ ಹೇಳಿದ, ಚೂಪ ಮೂಲಿ ಇದ್ರ ಧೂಳಿಗೆ ಲಗೂ ಏಳತೈತಿ, ದುಂಡಂದು ಕುಂತ್ರ ಕುಂತಂಗ ಅಂತ.”

“ಐಸ್‌ಕ್ರೀಮ್ ಗಾಡಿ ಮ್ಯಾಲೂ ಇದ ಐತ್ರಿ.”

“ಹೌದಲ್ಲ, ಹುಡುಗ್ರು ಎಷ್ಟ್ ದೂರಿಂದ ಓಡಿ ಬರ್ತಾವ ನೋಡು!”

ಹಾಸ್ಟೆಲಿನ ಕೋಣೆಯ ಬಾಗಿಲಿಗೂ ಹೆಸರು ಅಂಟಿಸದವಳು ನಾನು. ಪೇಟೆಯಲ್ಲಿ ಹಮಾಲರು ನನ್ನ ಹೆಸರು ಹಿಡಿದು “ಇನ್ನಷ್ಟ್ ಹಿಂದ ಬಾ, ಬಾ” ಎಂದು ಕೂಗುತ್ತಿದ್ದರಂತೆ. ಬ್ಯಾಡಗಿಯ ಸಹಪಾಠಿಯೊಬ್ಬಳು ತರಗತಿಯಲ್ಲೇ ಶುರುಮಾಡಿದಳು: “ನಿನ್ನೆ ಮೋಟೆಬೆನ್ನೂರ ತನಕಾ ನಿನ್ನ ಹಿಂದ ಬಂದ್ವಿ ನೋಡವಾ, ಒಟ್ಟ ಸೈಡ್ ಕೊಡ್ಲಿಲ್ಲಲ್ಲ ನೀ!”

ಓದು ಮುಗಿಯುವವರೆಗೆ ಸಹಿಸಿದೆ. ಆದರೆ ಊರಿನ ಕಾಲೇಜಿನಲ್ಲೇ ಉಪನ್ಯಾಸಕಿಯ ಕೆಲಸ ಸಿಕ್ಕಿತು. ದಿನವೂ ಅದೇ ರಸ್ತೆಯಲ್ಲಿ ಬರುವ ವಿದ್ಯಾರ್ಥಿಗಳು, ಅವರ ಮುಂದೆ ಪೂರಿಯಂತೆ ಉಬ್ಬಿದ ನಾನು! ಪಾಠ ಮಾಡುವುದಾದರೂ ಹೇಗೆ?

“ತಗಸ್ರಿ ಅಪ್ಪಾ,” ಎಂದೆ.

ಅಪ್ಪ ಗಾಡಿಯ ಕಡೆ ತಿರುಗಿದರು. “ನಿನಗ ಬ್ಯಾಡಂದ್ರ ಬ್ಯಾಡವಾ.”

ಭಾನುವಾರ ಅಂಗಳದಲ್ಲಿ ಅವರು ಬ್ಲೇಡಿನಿಂದ ಸ್ಟಿಕರ್ ಎಬ್ಬಿಸಿದರು, ನಾನು ಸೀಮೆಎಣ್ಣೆ ಬಟ್ಟೆಯಿಂದ ಅಂಟು ಒರೆಸಿದೆ. ಹಳದಿಯೆಲ್ಲ ಹೋಯಿತು, ಹೆಸರು ಹೋಗಲಿಲ್ಲ. ಬಿಸಿಲಿಗೆ ಸುತ್ತಲಿನ ನೀಲಿ ಮಾಸಿತ್ತು. ಸ್ಟಿಕರ್ ಇದ್ದಲ್ಲಿ ಮಾತ್ರ ಹೊಸ ಬಣ್ಣ ಹಾಗೇ ಉಳಿದು, ಅದೇ ಉಬ್ಬಿದ ಗಲ್ಲಗಳ ಅಕ್ಷರ ಕಡುನೀಲಿಯಲ್ಲಿ ಎದ್ದಿತ್ತು.

ಅಪ್ಪ ಗಾಬರಿಯಾದರು. “ಇದೇನಿದು! ತಡಿ, ಬಣ್ಣಾ ಹೊಡಸ್ತೇನಿ.”

ನಾನು ಗೇಟಿನವರೆಗೆ ಹಿಂದೆ ಸರಿದು ನೋಡಿದೆ. ಬರೀ ನೀಲಿ. ಹತ್ತಿರ ಬಂದೆ. ಹೆಸರಿತ್ತು. ಹತ್ತಿರ ಬಂದವರಿಗಷ್ಟೇ ಸಿಗುವ ಹೆಸರು, ಅದು ನನ್ನ ಹಾಗೇ ಕಂಡದ್ದು ಅದೇ ಮೊದಲು.

“ಬ್ಯಾಡ ಬಿಡ್ರಿ. ಹಿಂಗ ಇರ್ಲಿ.”

“ಖರೇನ?”

“ಖರೇ.”

ಅಪ್ಪ ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು, ಅಕ್ಷರಗಳಿಗೆ ನೋವಾದೀತೆಂಬಂತೆ ಉಳಿದ ಅಂಟನ್ನು ಮೆತ್ತಗೆ ಒರೆಸಿದರು.

ನಿನ್ನೆ ಫಲಕಕ್ಕೂ ಆ ಅಕ್ಷರವನ್ನೇ ಆರಿಸಿದೆ. ಹೇಗೆ ಕಾಣುತ್ತದೆಂದು ನೋಡಲು ಪರದೆಯ ತುಂಬ ನನ್ನ ಹೆಸರನ್ನೇ ಟೈಪ್ ಮಾಡಿದೆ. ಅಷ್ಟರಲ್ಲಿ ಹಿಂದೆ ಯಾರೋ ಬಂದು ನಿಂತರು. ಅಳಿಸಲಿಲ್ಲ.