ಗಾಳಿಬಾಗಿಲಿನ ಕಾಡಿಗೆ

ಮಂಗಳೂರಿಗೆ ಚಳಿ ಬಂದಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಬಚ್ಚಲುಮನೆಯ ಗೂಡಿನಲ್ಲಿರುವ ತೆಂಗಿನೆಣ್ಣೆಯ ಬಾಟಲಿಯನ್ನು ನೋಡಬೇಕು. ವರ್ಷವಿಡೀ ನೀರಿನಷ್ಟು ಸರಾಗವಾಗಿ ಹರಿಯುವ ಎಣ್ಣೆ, ಡಿಸೆಂಬರಿನ ಕೆಲವೇ ಕೆಲವು ಬೆಳಗುಗಳಲ್ಲಿ ಬೆಳ್ಳಗೆ ಹೆಪ್ಪುಗಟ್ಟಿ, ಬಾಟಲಿಯನ್ನು ತಲೆಕೆಳಗು ಹಿಡಿದರೂ ಮುನಿಸಿಕೊಂಡ ನೆಂಟನಂತೆ ಅಲುಗದೆ ಕೂತುಬಿಡುತ್ತದೆ. ಅಂಗೈಗಳ ನಡುವೆ ಅದನ್ನು ಉಜ್ಜುತ್ತ ನಿಲ್ಲುವ ಆ ಎರಡು ನಿಮಿಷ ನಮ್ಮ ಪಾಲಿನ ಹಿಮಾಲಯ. ಈ ಬಾಟಲಿ ಒಂದು ಡೀಸೆಲ್ ಎಂಜಿನಿನ ಕಾಯಿಲೆಗೂ ಸಾಕ್ಷಿ ಹೇಳೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನದು ಏಳು ಸೀಟಿನ, ಪ್ರಾಯ ಸಂದ ಡೀಸೆಲ್ ಗಾಡಿ. ವಾರಕ್ಕೆ ಮೂರು ದಿನ ಮುಂಜಾನೆ ಉರ್ವದಿಂದ ಲಿಲ್ಲಿ ಟೀಚರನ್ನು ಕೂರಿಸಿಕೊಂಡು, ನೇತ್ರಾವತಿ ದಾಟಿ, ತೊಕ್ಕೊಟ್ಟಿನಾಚೆ ಡಯಾಲಿಸಿಸಿಗೆ ಮುಟ್ಟಿಸುವುದು ಅದರ ಮುಖ್ಯ ಉದ್ಯೋಗ. ಟೀಚರ್ ನನಗೆ ಐದನೆಯ ಕ್ಲಾಸಿನಲ್ಲಿ ಗಣಿತ ಕಲಿಸಿದವರು. ರಕ್ತ ಶುದ್ಧಿಯಾಗಿ ಬಂದ ದಿನವೂ ಸಂಜೆ ಐದಕ್ಕೆ ನೆರೆಕರೆಯ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಲೆಕ್ಕ ಹೇಳಿಕೊಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅದಕ್ಕೆ ಬೇಕಾದದ್ದು ಬೆಳಗ್ಗೆ ಆರೂವರೆಯ ಪಾಳಿ.

ಡಿಸೆಂಬರಿನಲ್ಲಿ ಗಾಡಿ ಕೈಕೊಟ್ಟಿತು. ಬೆಳಗ್ಗೆ ಕೀ ತಿರುಗಿಸಿದೊಡನೆ ಹಳದಿ ದೀಪ. ಎಷ್ಟು ತುಳಿದರೂ ಎತ್ತಿನಗಾಡಿಯ ವೇಗ. ಸೇತುವೆಯ ಮೇಲೆ ಹಿಂದಿನ ಲಾರಿಯವರು ನನ್ನ ವಂಶವನ್ನೇ ಹಾರನ್ನಿನಲ್ಲಿ ಸ್ಮರಿಸಿದರು. ಎರಡು ಸಲ ತಡವಾಯಿತು. ಇನ್ನೊಮ್ಮೆ ತಡವಾದರೆ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಿಸಬೇಕಾಗುತ್ತದೆಂದು ಅಲ್ಲಿಯ ಸಿಸ್ಟರ್ ಮೆತ್ತಗೆ ಹೇಳಿದರು. ಮಧ್ಯಾಹ್ನ ಹೋದರೆ ಮರಳುವುದು ಕತ್ತಲಿಗೆ. ಜಗಲಿಯ ಶಾಲೆಗೆ ಬೀಗ. ಬೇರೆ ಗಾಡಿ ಗೊತ್ತುಮಾಡುತ್ತೇನೆ ಎಂದು ಟೀಚರಿಗೆ ಹೇಳಿದೆ.

"ನೀನು ಸಣ್ಣವನಿರುವಾಗಲೂ ಹಾಗೆಯೇ ಮಾರಾಯ," ಎಂದರು ಟೀಚರ್. "ತಪ್ಪಾದ ಲೆಕ್ಕ ಅಳಿಸಿ ಬೇರೆ ಲೆಕ್ಕಕ್ಕೆ ಹೋಗ್ತಿದ್ದೆ. ತಪ್ಪಿದ್ದು ಎಲ್ಲಿ ಅಂತ ಒಮ್ಮೆಯಾದರೂ ನೋಡಿದ್ದುಂಟಾ?"

ಅರುವತ್ತರ ಹೊಸ್ತಿಲಲ್ಲಿರುವವನಿಗೆ ಐದನೆಯ ಕ್ಲಾಸಿನ ಕಿವಿ ಹಿಂಡಿದಂತಾಯಿತು. ಎಲ್ಲಿ ತಪ್ಪಿತೆಂದು ಕಂಡುಹಿಡಿಯದೆ ಬಿಡುವುದಿಲ್ಲವೆಂದು ಆ ದಿನವೇ ನಿಶ್ಚಯಿಸಿಬಿಟ್ಟೆ.

ತೊಕ್ಕೊಟ್ಟಿನ ಮೆಕ್ಯಾನಿಕ್ ವಸಂತಣ್ಣ ಗಾಡಿಗೆ ಸ್ಕ್ಯಾನರ್ ಸಿಕ್ಕಿಸಿ ಓದಿದ. ಎಂಜಿನಿಗೆ ಗಾಳಿ ಹೋಗುವ ಕೊಳವೆಯೊಳಗೆ ತಟ್ಟೆಯಂತಹ ಒಂದು ಪುಟ್ಟ ಬಾಗಿಲಿದೆಯಂತೆ. ಎಷ್ಟು ಗಾಳಿ ಬೇಕೋ ಅಷ್ಟಕ್ಕೆ ಅದು ತೆರೆದು ಮುಚ್ಚಿಕೊಳ್ಳಬೇಕು. ಇಷ್ಟು ತೆರೆ ಎಂದು ಗಾಡಿಯ ಕಂಪ್ಯೂಟರ್ ಹೇಳಿದರೆ ಅದು ಅಷ್ಟು ತೆರೆಯುತ್ತಿಲ್ಲ. ಆದ್ದರಿಂದ ಅಪಾಯ ಬೇಡವೆಂದು ಎಂಜಿನ್ ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುತ್ತಿದೆ.

"ಹಾಗಾದರೆ ಬಾಗಿಲನ್ನೇ ಬದಲಿಸು," ಎಂದೆ.

"ಅಣ್ಣೆರೆ, ಇದು ದೂರು ಕೊಟ್ಟದ್ದು ಮಾತ್ರ. ಕಳ್ಳ ಯಾರು ಅಂತ ಹೇಳಲಿಲ್ಲ," ಎಂದ ವಸಂತಣ್ಣ.

ಅವನ ಪರೀಕ್ಷೆ ಹಳೆಯ ಕಾಲದ ಪಂಡಿತರು ನಾಡಿ ಹಿಡಿಯುವಷ್ಟು ಸಾವಧಾನದ್ದು. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದ. ರಬ್ಬರ್ ಕೊಳವೆಯ ಸಂದುಗಳಿಗೆ ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ವಯರುಗಳನ್ನು ಒಂದೊಂದಾಗಿ ಅಲುಗಿಸಿದ. ಸ್ಕ್ಯಾನರಿನಿಂದ ಅಪ್ಪಣೆ ಕೊಟ್ಟು ಬಾಗಿಲನ್ನು ಹತ್ತು ಸಲ ತೆರೆಸಿ ಮುಚ್ಚಿಸಿದ. ಕಳ್ಳಾಟವಿಲ್ಲದ ಹುಡುಗಿಯ ಕಣ್ಣುರೆಪ್ಪೆಯಂತೆ ಅದು ಪಟಪಟನೆ ಆಡಿತು. ಹತ್ತು ಗಂಟೆಯ ಬಿಸಿಲಿನಲ್ಲಿ ನನ್ನ ಗಾಡಿಯಷ್ಟು ಆರೋಗ್ಯವಂತ ಪ್ರಾಣಿ ದಕ್ಷಿಣ ಕನ್ನಡದಲ್ಲೇ ಇರಲಿಲ್ಲ. ಮೂರು ಸಲ ಹೋದೆ, ಮೂರು ಸಲವೂ ಅದೇ ಕತೆ.

"ನೀವು ಇದಕ್ಕೆ ಎಂತಾದರೂ ಕೈ ಹಾಕಿದ್ದುಂಟಾ?" ಎಂದು ಪ್ರತಿಸಲವೂ ಕೇಳಿದ.

"ಇಲ್ಲಪ್ಪ," ಎಂದು ಪ್ರತಿಸಲವೂ ಹೇಳಿದೆ. ಸುಳ್ಳೆಂದು ಗೊತ್ತಿದ್ದು ಹೇಳಿದ್ದಲ್ಲ. ಅದೇ ಅದರ ಅಪಾಯ.

ಕೊನೆಗೆ ವಸಂತಣ್ಣನಿಗೇ ಛಲ ಬಂತು. "ಕಾಯಿಲೆ ಬೆಳಗ್ಗೆ ಬರುವುದಾದರೆ ಡಾಕ್ಟರೂ ಬೆಳಗ್ಗೆಯೇ ಬರಬೇಕು. ನಾಳೆ ಐದಕ್ಕೆ ಬರ್ತೇನೆ. ಗಾಡಿ ಮುಟ್ಟಬೇಡಿ, ಚಾಲೂ ಮಾಡಬೇಡಿ."

ಹೇಳಿದಂತೆ ಸ್ಕೂಟರಿನಲ್ಲಿ, ಕಿವಿಗೆ ಮಫ್ಲರ್ ಸುತ್ತಿ ಬಂದ. ನಾನು ಹೆಪ್ಪುಗಟ್ಟಿದ ಬಾಟಲಿಯನ್ನು ಅಂಗೈಯಲ್ಲಿ ಉಜ್ಜುತ್ತಲೇ ಅಂಗಳಕ್ಕಿಳಿದೆ. ಅವನು ಕೊಳವೆ ಬಿಚ್ಚಿ ಬಾಗಿಲಿಗೆ ಅಪ್ಪಣೆ ಕೊಟ್ಟ. ಅದು ಸೋಮಾರಿಯಂತೆ ಕಾಲು ಭಾಗ ತೆರೆದು ನಿಂತುಬಿಟ್ಟಿತು. ಬಾಗಿಲಿನ ಕೀಲಿನ ಬುಡಕ್ಕೆ ಬೆರಳು ಹಾಕಿ ಕಪ್ಪನೆಯ ಅಂಟೊಂದನ್ನು ತೆಗೆದು ಮೂಗಿಗೆ ಹಿಡಿದ. ಆಮೇಲೆ ನನ್ನ ಕೈಯ ಬಾಟಲಿಯನ್ನು ನೋಡಿದ.

"ಅಣ್ಣೆರೆ, ಇದಕ್ಕೆ ಎಣ್ಣೆಸ್ನಾನ ಮಾಡಿಸಿದ್ದು ಯಾರು?"

ಮಳೆಗಾಲದ ಒಂದು ಮಧ್ಯಾಹ್ನ ಕಣ್ಣಮುಂದೆ ಬಂತು. ಕಡಲ ಗಾಳಿಗೆ ಬಾನೆಟ್ಟಿನ ಕೆಳಗಿನ ಲೋಹವೆಲ್ಲ ಬೂಸಲು ಹಿಡಿದಂತೆ ಬಿಳಿಚಿಕೊಂಡದ್ದು ಕಂಡು, ನಾನೇ ಕೊಳವೆ ಬಿಚ್ಚಿ, ಒರೆಸಿ, ಕೀಲಿಗೆ ಧಾರಾಳವಾಗಿ ತೆಂಗಿನೆಣ್ಣೆ ಬಿಟ್ಟಿದ್ದೆ. ನನ್ನ ಅಜ್ಜಿ ಬೀಗಕ್ಕೆ, ಬಾಗಿಲಿಗೆ, ಹೊಲಿಗೆಯಂತ್ರಕ್ಕೆ, ಮೊಮ್ಮಕ್ಕಳ ನೆತ್ತಿಗೆ ಒಂದೇ ಬಾಟಲಿಯಿಂದ ಎಣ್ಣೆ ಹಚ್ಚಿದವಳು; ಎಣ್ಣೆ ಕಂಡರೆ ಕಿರುಗುಟ್ಟುವ ಬಾಗಿಲೂ ನೆಂಟಸ್ತಿಕೆ ಮಾಡುತ್ತದೆ ಎನ್ನುತ್ತಿದ್ದಳು. ಉಪ್ಪುಗಾಳಿಯ ಊರಿನಲ್ಲಿ ಎಣ್ಣೆ ಹಚ್ಚುವುದು ಕೈ ಹಾಕಿದಂತೆಂದು ನಾವು ಲೆಕ್ಕ ಹಿಡಿಯುವುದಿಲ್ಲ. ಅದು ಪ್ರೀತಿಯ ಲೆಕ್ಕಕ್ಕೆ ಸೇರಿದ್ದು. ಆ ಪ್ರೀತಿ, ಎಂಜಿನಿನಿಂದ ಆ ಕೊಳವೆಗೆ ಮರಳಿ ಬರುವ ಹೊಗೆಮಸಿಯನ್ನು ಕೂಡಿಕೊಂಡು ಒಳಗೊಳಗೇ ಅಂಟಾಗಿತ್ತು. ಬಿಸಿಲೇರಿದಾಗ ಕರಗಿ ಸಾಧುವಾಗುತ್ತಿತ್ತು. ಚಳಿಯಲ್ಲಿ ಗಟ್ಟಿಯಾಗಿ ಬಾಗಿಲನ್ನು ಹಿಡಿದುಕೊಳ್ಳುತ್ತಿತ್ತು. ಮಸಿಗೆ ಎಣ್ಣೆ ಸೇರಿದರೆ ಏನಾಗುತ್ತದೆಂದು ಹೇಳಿಕೊಟ್ಟವಳೂ ಅದೇ ಅಜ್ಜಿ. ದೀಪದ ಮಸಿಗೆ ಎಣ್ಣೆ ಕಲಸಿ ಅವಳು ಕಾಡಿಗೆ ಮಾಡುವುದನ್ನು ಎಷ್ಟು ಸಲ ನೋಡಿಲ್ಲ? ಅವಳ ಒಂದು ಪಾಠವನ್ನು ನೆನಪಿಟ್ಟು ಇನ್ನೊಂದನ್ನು ಮರೆತಿದ್ದೆ.

ಹೇಳಿಬಿಟ್ಟೆ. ವಸಂತಣ್ಣ ಬೈಯಲಿಲ್ಲ. "ಮೂರು ಸಲ ಕೇಳಿದೆನಲ್ಲ ಮಾರಾಯ್ರೆ," ಎಂದಷ್ಟೇ ಹೇಳಿ ಮಸಿ ಬಿಡಿಸುವ ಸ್ಪ್ರೇ ಹೊಡೆದು, ಹಳೆಯ ಬನಿಯನ್ನಿನ ತುಂಡಿನಿಂದ ಉಜ್ಜಿ ಒಣಗಿಸಿದ. ಬಾಗಿಲು ಆ ಚಳಿಯಲ್ಲೇ ಪಟ್ಟನೆ ತೆರೆಯಿತು. "ಇದು ಒಣಗಿಯೇ ಇರಬೇಕಾದ ಕೀಲು. ಎಲ್ಲರಿಗೂ ಎಣ್ಣೆ ಆಗುವುದಿಲ್ಲ."

ಗೆಳೆಯರೇ, ಆಮೇಲೆ ಯೋಚಿಸಿದೆ: ನಾವು ಕೆಡುಕು ಮಾಡಿದ ಜಾಗಗಳನ್ನು ಹೇಗೋ ನೆನಪಿಟ್ಟಿರುತ್ತೇವೆ, ಅಲ್ಲಿಗೆ ಹೋಗಿ ಹುಡುಕುತ್ತೇವೆ, ಒಳ್ಳೆಯದು ಮಾಡಿದೆವೆಂದುಕೊಂಡ ಜಾಗಕ್ಕೆ ಟಾರ್ಚ್ ಹಾಕುವವರು ಕಡಿಮೆ. ಇನ್ನೂ ಎಷ್ಟು ಕೀಲುಗಳಿಗೆ, ಎಷ್ಟು ಮಂದಿಗೆ, ಕೇಳದೆ ಎಣ್ಣೆ ಬಿಟ್ಟಿದ್ದೇನೋ.

ಆದರೆ ಒಂದು ಪರೀಕ್ಷೆ ಬಾಕಿಯಿತ್ತು. ಮರುದಿನ ಡಯಾಲಿಸಿಸ್. ಎದ್ದವನು ಮೊದಲು ನೋಡಿದ್ದು ಬಾಟಲಿಯನ್ನು. ಎಣ್ಣೆ ಕಲ್ಲಾಗಿತ್ತು. ಕಂಡಾಗಲೆಲ್ಲ ಶಪಿಸುತ್ತಿದ್ದ ಆ ಬಿಳುಪನ್ನು ನೋಡಿ ಅಂದು, ಬಾ, ನೋಡೋಣ ಎಂದುಕೊಂಡೆ. ಕೀ ತಿರುಗಿಸಿದೆ. ಹಳದಿ ದೀಪ ಒಮ್ಮೆ ಮಿನುಗಿ ನಂದಿತು. ಸೇತುವೆಯ ಮೇಲೆ, ಮಂಜು ಹೊದ್ದ ನೇತ್ರಾವತಿಯ ಮೇಲೆ, ಎರಡು ಲಾರಿಗಳನ್ನು ನಾನೇ ಹಿಂದೆ ಹಾಕಿದೆ. ಆರೂಕಾಲಿಗೆ ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಂತಾಗ ಸಿಸ್ಟರ್ ಗಡಿಯಾರ ನೋಡಿ ತಲೆಯಾಡಿಸಿದರು.

ದಾರಿಯುದ್ದಕ್ಕೂ ನಾನು ಹೇಳಿದ ತಪ್ಪೊಪ್ಪಿಗೆಯನ್ನು ಕೇಳಿಸಿಕೊಂಡ ಟೀಚರ್, ಇಳಿಯುವಾಗ ನನ್ನ ಭುಜ ಹಿಡಿದು ಕೇಳಿದರು: "ಇವತ್ತು ನಿನ್ನ ಎಣ್ಣೆ ಎಲ್ಲುಂಟು?"

"ತಲೆಯಲ್ಲಿ ಉಂಟು ಟೀಚರ್."

"ಹಾಂ, ಅಲ್ಲೇ ಇರಲಿ. ಸಂಜೆ ಐದಕ್ಕೆ ಮಕ್ಕಳಿಗೆ ಬರ್ಲಿಕ್ಕೆ ಹೇಳು."