ಎಕ್ಸ್‌ರೇಯಲ್ಲಿ ಕಂಡ ಕಲೆ

ತಾಯಿ ಬನಶಂಕರಿಯನ್ನು ನಂಬಿದ ಎಲ್ಲರಿಗೂ ನಮಸ್ಕಾರ. ನಾನು ಬರೆದು ರೂಢಿ ಇದ್ದವನಲ್ಲ. ಕತಾರಿನ ತೈಲ ಘಟಕವೊಂದರಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಕುವೈತ್ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಜುಲೈ ತಿಂಗಳು. ಕಾಲೇಜು ರಜೆಗೆ ನಮ್ಮ ಬಳಿ ಬಂದಿದ್ದ ಮಗಳು ಶಾಂಭವಿಗೆ ರೆಸಿಡೆನ್ಸ್ ವೀಸಾ ನವೀಕರಣಕ್ಕೆಂದು ದೋಹಾದಲ್ಲಿ ಮೆಡಿಕಲ್ ತಪಾಸಣೆ ಮಾಡಿಸಿದ್ದೆವು. ಮಂಗಳವಾರ ಅಲ್ಲಿಂದ ಫೋನ್ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡಿದೆ, ಶನಿವಾರ ಬೆಳಿಗ್ಗೆ ಇನ್ನೊಂದು ಎಕ್ಸ್‌ರೇಗೆ ಕರೆತನ್ನಿ ಎಂದರು. ಕ್ಷಯ ಎಂಬ ಮಾತನ್ನು ಅವರು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಗಲ್ಫಿನಲ್ಲಿರುವವರಿಗೆಲ್ಲ ಅದರ ಅರ್ಥ ಗೊತ್ತು. ಅನ್‌ಫಿಟ್ ಆದವರನ್ನು ಊರಿಗೆ ಕಳಿಸುತ್ತಾರೆ, ಮತ್ತೆ ವೀಸಾ ಸಿಗುವುದಿಲ್ಲ.

ಶಾಂಭವಿ ಹುಟ್ಟಿದ್ದು ಜಾಂಬಿಯಾದ ಎಂಡೋಲಾದಲ್ಲಿ. ಆಗ ನಾನು ಅಲ್ಲಿ ತಾಮ್ರದ ಗಣಿಯಲ್ಲಿದ್ದೆ. ಗಣಿ ಕ್ಲಬ್ಬಿನ ಸಿಮೆಂಟ್ ಅಂಗಳದಲ್ಲಿ ದೊಡ್ಡ ಹುಡುಗರ ಕೈಯಿಂದ ಚೆಂಡು ಕಸಿದುಕೊಂಡೇ ಬಾಸ್ಕೆಟ್‌ಬಾಲ್ ಕಲಿತಳು. ದೋಹಾಕ್ಕೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಮೈಸೂರಿನಲ್ಲಿ ಕಾಲೇಜು ಸೇರಿದ ಮೊದಲ ವರ್ಷವೇ ತಂಡದಲ್ಲಿ ಜಾಗ, ಎರಡನೆಯ ವರ್ಷ ನಾಯಕಿ. ಹುಡುಗಿಯರು ಅವಳನ್ನು "ಆಫ್ರಿಕಾ" ಎಂದೇ ಕರೆಯುತ್ತಿದ್ದರಂತೆ. ಕೆಣಕಲು ಇಟ್ಟ ಹೆಸರು. ಅವಳು ಅದನ್ನೇ ತನ್ನ ಜೆರ್ಸಿಯ ಬೆನ್ನಿಗೆ ಬರೆಸಿಕೊಂಡಳು. ಆಗಸ್ಟಿನಲ್ಲಿ ವಿಶ್ವವಿದ್ಯಾಲಯದ ತಂಡದ ಆಯ್ಕೆ ಶಿಬಿರವಿತ್ತು. ಕ್ಷಯವೆಂದಾದರೆ ತಿಂಗಳುಗಟ್ಟಲೆ ಮಾತ್ರೆ. ಶಿಬಿರವೂ ಇಲ್ಲ, ಆಟವೂ ಇಲ್ಲ.

ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದಲ್ಲೇ ನನ್ನ ಹೆಂಡತಿ ಸರೋಜಳ ತಮ್ಮ ಬಸವರಾಜನೂ ಇದ್ದ. ಅವನು ಗುರುವಾರದ ಮುಂಬೈ ವಿಮಾನಕ್ಕೆ ಟಿಕೆಟ್ ತಂದೇ ನಮ್ಮ ಬಾಗಿಲು ತಟ್ಟಿದ.

"ಭಾವಾರ, ಕಳಿಸಿಬಿಡ್ರಿ. ಇಲ್ಲಿ ಒಮ್ಮೆ ಅನ್‌ಫಿಟ್ ಅಂತ ಬಿದ್ರ ಖಲಾಸ್. ಊರಾಗ ಯಾರಿಗೂ ತಿಳೀದ್ಹಂಗ ಔಷಧ ಕೊಡ್ಸೂಣು."

ಶಾಂಭವಿ ಒಳಗಿನಿಂದ ಬಂದಳು. "ಮಾಮಾ, ಕೆಮ್ಮಿಲ್ಲದ ಕ್ಷಯ ಎಲ್ಲಿ ನೋಡೀ? ಬಾ, ನಾಲ್ಕು ಅಂತಸ್ತು ಮೆಟ್ಟಿಲು ಓಡೂಣು. ಯಾರಿಗೆ ತೇಕು ಬರ್ತದ ನೋಡೂಣು."

ಬಸವರಾಜನೂ ನಕ್ಕ. ಆದರೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದನ್ನೂ ಹೇಳಬೇಕು. ಊಟಕ್ಕೆ ಕರೆದರೂ ಬರಲಿಲ್ಲ.

ಕಳಿಸುವುದೋ, ಉಳಿಸಿಕೊಳ್ಳುವುದೋ ನನಗೆ ತೋಚಲಿಲ್ಲ. ಬುಧವಾರ ಸಂಜೆ ಅಲ್ ಮನ್ಸೂರಾದ ಮಲಯಾಳಿ ಅಂಗಡಿಯಿಂದ ಮಲ್ಲಿಗೆ ತಂದೆ. ನಮ್ಮ ತಾಯಿ ಬನಶಂಕರಿ ಇಲ್ಲಿ ಮಲಗುವ ಕೋಣೆಯ ಕಪಾಟಿನಲ್ಲಿರುತ್ತಾಳೆ, ಚೌಕಟ್ಟು ಹಾಕಿಸಿದ ಒಂದು ಫೋಟೋ. ಊರಲ್ಲಿ ನೇಕಾರರಾದ ನಮ್ಮ ಹಿರಿಯರು ಮದುವೆಗೂ ಮಗ್ಗಕ್ಕೂ ಹೂವಿನ ಪ್ರಸಾದ ಕೇಳದೆ ಹೆಜ್ಜೆ ಇಟ್ಟವರಲ್ಲ. ನಾನು ಯಂತ್ರಗಳ ನಡುವೆ ಬೆಳೆದವನು, ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ಹೂಗಳನ್ನು ನೀರಿನಲ್ಲಿ ಅದ್ದಿ ಗಾಜಿನ ಎರಡೂ ಬದಿಗೆ ಅಂಟಿಸಿದೆ. ಗಾಳಿಗೆ ಬಿದ್ದೀತೆಂದು ಏಸಿ ಆರಿಸಿದೆ, ಬಾಗಿಲು ಮುಚ್ಚಿ ಸರೋಜಳ ಜೊತೆ ಕುಳಿತೆ. "ತಾಯಿ, ಹುಡುಗಿ ಇಲ್ಲೇ ಉಳಿಯಲಿ ಅನ್ನುವುದಾದರೆ ಬಲಗಡೆಯದು ಕೊಡು" ಎಂದೆ.

ಬಹಳ ಹೊತ್ತು ಏನೂ ಆಗಲಿಲ್ಲ. ಆ ಸೆಕೆಯಲ್ಲಿ ನಮ್ಮಿಬ್ಬರ ಬಟ್ಟೆಯೂ ತೊಯ್ದು ಹೋಯಿತು. ಸರೋಜಳ ತುಟಿ ಅಲುಗುತ್ತಿತ್ತು. ಆಮೇಲೆ ಬಲಗಡೆಯ ಹೂವು ಬಿತ್ತು. ಒಂದೇ ಒಂದು. ನಾನು ಎದ್ದು ಹೋಗಿ ಬಸವರಾಜನಿಗೆ ಟಿಕೆಟ್ ವಾಪಸ್ ಮಾಡು ಎಂದೆ. ಅವನು ನನ್ನ ಮುಖ ನೋಡಿ ಟಿಕೆಟನ್ನು ಜೇಬಿಗಿಟ್ಟುಕೊಂಡ.

ಶನಿವಾರ ಎಕ್ಸ್‌ರೇ ನೋಡಲು ಇದ್ದವರು ಸುಡಾನಿನ ಒಬ್ಬ ಹಿರಿಯ ವೈದ್ಯೆ. ಮೊದಲ ಚಿತ್ರವನ್ನು ಬೆಳಕಿಗೆ ಹಿಡಿದರು. ಆಮೇಲೆ ಮಗಳನ್ನು ನೋಡಿದರು. ಅವಳ ತಲೆಯ ಮೇಲೆಯೇ ಅವರ ಕಣ್ಣು ನಿಂತಿತು. ಈ ಜಡೆ ಹಾಕಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸರೋಜ ಹೆದರುತ್ತ ಕೈ ಎತ್ತಿದಳು. ಎಂಡೋಲಾದಲ್ಲಿ ನಮ್ಮ ಪಕ್ಕದ ಮನೆಯ ಮಿಸೆಸ್ ಬಂಡಾ ಮಗುವಿನ ಕೂದಲನ್ನು ಎಳೆ ಎಳೆಯಾಗಿ ತೆಗೆದು, ಕಪ್ಪು ದಾರ ಬಿಗಿಯಾಗಿ ಸುತ್ತಿ ಜಡೆ ಹಾಕುತ್ತಿದ್ದರು. ಸರೋಜ ಅವರಿಂದಲೇ ಕಲಿತಿದ್ದಳು. ಓಡುವಾಗ ಬಿಚ್ಚುವುದಿಲ್ಲವೆಂದು ಶಾಂಭವಿಗೆ ಅದೇ ಬೇಕು. ಮೆಡಿಕಲ್ ದಿನವೂ ಹಾಗೇ ಹಾಕಿ, ಎಲ್ಲ ಜಡೆಗಳನ್ನೂ ಒಟ್ಟಿಗೆ ಕಟ್ಟಿ ಬಲ ಭುಜದ ಹಿಂದೆ ಬೆನ್ನಿಗೆ ಬಿಟ್ಟಿದ್ದಳು. ಬಂಗಾರ ತೆಗೆಯಿರಿ ಎಂದಿದ್ದರು, ತೆಗೆದಿದ್ದೆವು. ಕೂದಲಿನ ವಿಚಾರ ಯಾರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ವೈದ್ಯೆ ತಾವೇ ಜಡೆಗಳನ್ನೆಲ್ಲ ನೆತ್ತಿಯ ಮೇಲೆತ್ತಿ ಕಟ್ಟಿ ಒಳಗೆ ಕಳಿಸಿದರು. ನಾವು ಬೆಂಚಿನ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿಗೆ ಎರಡು ಚಿತ್ರಗಳನ್ನೂ ಪಕ್ಕಪಕ್ಕ ಹಿಡಿದು ನಮ್ಮನ್ನು ಕರೆದರು. ಹೊಸದರಲ್ಲಿ ಕಲೆ ಇರಲಿಲ್ಲ.

"ನಮ್ಮ ಮನೆಯ ಹೆಣ್ಣುಮಕ್ಕಳದೂ ಹೀಗೇ ಜಡೆ. ಜಡೆಯ ಈ ನೆರಳನ್ನು ನಾನು ಮೊದಲೂ ನೋಡಿದ್ದೇನೆ," ಎಂದರು. "ನಿಮ್ಮ ಮಗಳು ಆರೋಗ್ಯವಾಗಿದ್ದಾಳೆ. ಯಲ್ಲಾ, ನಡೆಯಿರಿ, ಮನೆಗೆ ಹೋಗಿ."

ಸರೋಜ ಅವರ ಕೈ ಹಿಡಿದು ಅಳುತ್ತಿದ್ದಳು, ಮಧ್ಯೆ ಮಧ್ಯೆ ನಗುತ್ತಿದ್ದಳು. ಗುರುವಾರ ಮಗಳನ್ನು ವಿಮಾನ ಹತ್ತಿಸಿದ್ದರೆ, ಇಲ್ಲದ ರೋಗಕ್ಕೆ ಹೆದರಿ ಓಡಿಹೋದವಳಾಗಿರುತ್ತಿದ್ದಳು. ಊರಿನಲ್ಲಿ ಯಾರಿಗೂ ತಿಳಿಯದ ಹಾಗೆ ನಾವೇ ಅವಳ ಆಟ ನಿಲ್ಲಿಸಿರುತ್ತಿದ್ದೆವು. ಹೂವು ತಾನಾಗಿಯೇ ಬಿತ್ತು ಎಂದು ಹೇಳುವವರೊಡನೆ ನಾನು ವಾದಿಸುವುದಿಲ್ಲ. ನನ್ನ ತಾಯಿ ಆ ಸಂಜೆ ನನ್ನ ಕೈ ಹಿಡಿದು ನಿಲ್ಲಿಸಿದಳು, ಅಷ್ಟು ನನಗೆ ಗೊತ್ತು.

ಆಗಸ್ಟಿನಲ್ಲಿ ಶಾಂಭವಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು. ಚಳಿಗಾಲದಲ್ಲಿ ನಾನು ರಜೆ ಹಾಕಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋದೆ. ಪಕ್ಕದಲ್ಲಿದ್ದ ಒಬ್ಬರು, ಆ ಎತ್ತರದ ಹುಡುಗಿ ಆಫ್ರಿಕಾದವಳಂತೆ, ಹೌದೇ ಎಂದು ಕೇಳಿದರು. ಹೌದು, ಅಲ್ಲೇ ಹುಟ್ಟಿದ್ದು, ನನ್ನ ಮಗಳು ಎಂದೆ. ಅವರು ಎದ್ದು ನನ್ನ ಕೈ ಕುಲುಕಿದರು. ಈಗ ಅವಳು ರಾಜ್ಯ ತಂಡದಲ್ಲಿದ್ದಾಳೆ. ಅದೆಲ್ಲ ತಾಯಿಯ ಕೃಪೆ, ಮತ್ತು ಅವಳ ಬೆವರು.

ಅಂದು ಪಂದ್ಯ ಗೆದ್ದು ಬಂದವಳು ಟವೆಲ್ಲಿನಿಂದ ಮುಖ ಒರೆಸುತ್ತ ನನ್ನ ಮುಂದೆ ನಿಂತಳು.

"ಅಪ್ಪಾಜಿ, ಕಡೀ ಬಾಸ್ಕೆಟ್ ಹೆಂಗಿತ್ತು?"

ಎಲ್ಲರೂ ಚೆಂಡು ನೋಡುತ್ತಿದ್ದರು. ನಾನು ಆಟ ಮುಗಿಯುವವರೆಗೂ ಅವಳು ಉಸಿರಾಡುವುದನ್ನೇ ನೋಡುತ್ತ ಕುಳಿತಿದ್ದೆ.