ಸೋದರಮಾವ ಕಟ್ಟಿದ ಜೋಲಿ

ನಮ್ಮಲ್ಲಿ ಕೂಸಿಗೆ ಮೊದಲ ಜೋಲಿ ಕಟ್ಟುವ ಹಕ್ಕು ಸೋದರಮಾವನದು. ತಂಗಿ ಕೊಳತ್ತೂರಿನ ನಮ್ಮ ಮನೆಗೆ ಬಂದು ಹೆಣ್ಣು ಹೆತ್ತಾಗ, ಅವ್ವ ತನ್ನ ಹಳೇ ನೂಲಿನ ಸೀರೆ ಒಗೆದಿಟ್ಟು ನನಗೆ ಹೇಳಿಕಳಿಸಿದಳು. ಬೇರೆ ಮಾವಂದಿರು ಅಂಗಡಿಯ ಜೋಲಿ ಸ್ಪ್ರಿಂಗು ತಂದು ತೊಲೆಗೆ ಸಿಕ್ಕಿಸಿ ಕೈತೊಳೆದುಕೊಳ್ಳುತ್ತಾರೆ. ನಾನೋ ಸೇಲಂನಲ್ಲಿ ಸ್ಪ್ರಿಂಗ್ ವಿನ್ಯಾಸ ಮಾಡುವವನು. ಅಂಗಡಿಯದು ಕಟ್ಟಿದರೆ ನನ್ನ ಮರ್ಯಾದೆ ಏನಾಗಬೇಕು?

ಮನೆಯಲ್ಲಿ ಒಂದೇ ಸಂಕಟವಿತ್ತು. ಪಾರ್ಶ್ವವಾಯು ಬಡಿದು ಅಪ್ಪನ ಬಲಗೈ ಸೋತಿತ್ತು. ಮೊಮ್ಮಗಳನ್ನು ಎತ್ತಿಕೊಳ್ಳುವ ಆಸೆ ಕಣ್ಣಲ್ಲೇ ಕಾಣುತ್ತಿತ್ತು. ತಂಗಿ ಕೊಡಲು ಹೋದರೆ ಮಾತ್ರ, "ಬ್ಯಾಡ, ಬಿದ್ದೋಯ್ತದೆ" ಎಂದು ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ನಾನು ಮಾಡುವುದು ಪಟ್ಟಿ ಸ್ಪ್ರಿಂಗು. ಉಕ್ಕಿನ ತೆಳು ಪಟ್ಟಿಯನ್ನು ಅಳತೆ ಟೇಪಿನಂತೆ ಸುರುಳಿ ಸುತ್ತಿರುತ್ತೇವೆ. ಬೇರೆ ಸ್ಪ್ರಿಂಗುಗಳು ಎಳೆದಷ್ಟೂ ಮುನಿಸಿಕೊಂಡು ಇನ್ನೂ ಜೋರಾಗಿ ಹಿಂದಕ್ಕೆ ಜಗ್ಗುತ್ತವೆ. ಇದನ್ನು ಗೇಣುದ್ದ ಎಳೆದರೂ ಮಾರುದ್ದ ಎಳೆದರೂ ಒಂದೇ ಬಲ. ಪಟ್ಟಿ ದಪ್ಪವಾದರೆ ಬಲ ಹೆಚ್ಚು, ಆದರೆ ಬಾಗಿ ಬಾಗಿ ಬೇಗ ಬಿರುಕು ಬಿಡುತ್ತದೆ. ಅದಕ್ಕೇ ತೆಳು ಪಟ್ಟಿಯ ನಾಲ್ಕು ಸುರುಳಿ ಜೋಡಿಸಿದೆ. ಕಾರ್ಬನ್ ಉಕ್ಕು ಒಳ್ಳೆಯದೇ. ಆದರೆ ನಮ್ಮ ಮನೆಯಲ್ಲಿ ಕೂಸಿನ ಬಿಸಿನೀರಿನ ಹಬೆ, ಸಾಂಬ್ರಾಣಿ ಹೊಗೆ, ಸಾಲದ್ದಕ್ಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ ಕೈಯಲ್ಲೇ ಎಲ್ಲವನ್ನೂ ಮುಟ್ಟುವ ಅವ್ವ. ಅವ್ವನಿಗೆ ಹೆದರಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಆರಿಸಿದೆ.

ಜೋಲಿ ಕಟ್ಟಿದ್ದಾಯಿತು. ಅವ್ವ ಕೂಸಿನ ತೂಕದಷ್ಟೇ ರಾಗಿ ಗಂಟು ಮಾಡಿ ಅದರಲ್ಲಿಟ್ಟು ಕೆಳಕ್ಕೆ ಜಗ್ಗಿ ಬಿಟ್ಟಳು. ಅದು ಮೊಣಕಾಲ ಹತ್ತಿರವೇ ನಿಂತಿತು. ಮೇಲಕ್ಕೆತ್ತಿ ಬಿಟ್ಟಳು. ಅಲ್ಲೇ ನಿಂತಿತು.

"ಏನ್ಲಾ ಇದು? ಆಡೋದೇ ಇಲ್ವಲ್ಲಾ! ಜೋಲಿನಾ, ಲಿಫ್ಟಾ?"

ತಂಗಿ ಬಿದ್ದು ಬಿದ್ದು ನಕ್ಕಳು. "ಅಣ್ಣಾ, ಪಾಪಾ ಆಲು ಕುಡುದ್ರೆ ಕೆಳಕ್ಕೆ, ಉಚ್ಚೆ ಉಯ್ದ್ರೆ ಮೇಲಕ್ಕೆ ಓಯ್ತಾಳಾ?"

ಎಳೆದಂತೆ ಬಲ ಏರಿದರೆ ತಾನೇ ಜೋಲಿ ಕುಣಿಯುವುದು! ಒಂದೇ ಬಲ ತೂಕಕ್ಕೆ ಸಮವಾದರೆ ಬಿಟ್ಟಲ್ಲೇ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಕೊಡುವ ಪಾಠವನ್ನೇ ಮರೆತಿದ್ದೆ. ಮುಖ ಸಪ್ಪಗೆ ಮಾಡಿಕೊಂಡು ಬಿಚ್ಚಲು ಹೋದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪ ಒಳಗೆ ಬಂದ. ಬಲಗೈಯನ್ನು ಗಂಟಿನ ಅಡಿಗೆ ಕೊಟ್ಟು ಮೆಲ್ಲಗೆ ಎತ್ತಿದ. ಗಂಟು ಭಾರವೇ ಇಲ್ಲದಂತೆ ಎದೆಮಟ್ಟಕ್ಕೆ ಬಂತು.

"ಬಿಚ್ಬ್ಯಾಡ ಕಣ್ಲಾ. ಕೂಸ್ನ ಆಕು" ಎಂದ.

ಸ್ಪ್ರಿಂಗು ಕಡಿದರೂ ಕೂಸು ಬೀಳದಂತೆ ತೊಲೆಯಿಂದ ಕಾವಲು ಹಗ್ಗವನ್ನೂ ಕಟ್ಟಿದೆ. ಕೂಸನ್ನು ಮಲಗಿಸಿ ತಂಗಿ ಕೆಳಗೆ ಕೈಯೊಡ್ಡಿ ನಿಂತಳು. ಅಪ್ಪ ಸೋತ ಕೈಯಲ್ಲೇ ಮೊಮ್ಮಗಳನ್ನು ಎತ್ತಿ ಮುಖದ ಹತ್ತಿರ ತಂದುಕೊಂಡ. ಅವಳು ಆಕಳಿಸಿದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಸಾಂಬ್ರಾಣಿ ಹೊಗೆ ಎಂದು ಸುಳ್ಳು ಹೇಳಿದಳು.

ಕೂಸಿನ ನಿದ್ದೆಗೆ ಅಂಗಡಿ ಸ್ಪ್ರಿಂಗೇ ಬಂತು. ನನ್ನದು ತಾತನ ಪಾಲಾಯಿತು. ಕೂಸಿನ ತೂಕ ಏರಿದಂತೆ ಇನ್ನೊಂದು ಸುರುಳಿ ಸೇರಿಸಬೇಕಿತ್ತು. ಬೇಕೆಂದೇ ಸೇರಿಸಲಿಲ್ಲ. ಒಂದು ತಿಂಗಳಾದ ಮೇಲೆ ಅಪ್ಪ ಫೋನ್ ಮಾಡಿದ.

"ನಿನ್ ಸ್ಪ್ರಿಂಗು ಸೋತೋಗೈತೆ ಕಣ್ಲಾ. ಎತ್ತಾಕೆ ಬಾರ ಆಯ್ತದೆ. ಬಂದು ಬದ್ಲಾಯ್ಸು."

"ಆಗ್ಲಿ ಅಪ್ಪಾ, ಬತ್ತೀನಿ" ಎಂದು ಫೋನ್ ಇಟ್ಟೆ. ಸ್ಪ್ರಿಂಗು ಸೋತಿರಲಿಲ್ಲ. ಕೂಸು ಮುಕ್ಕಾಲು ಕೇಜಿ ಏರಿದ್ದಳು, ಆ ಮುಕ್ಕಾಲು ಕೇಜಿಯನ್ನು ಎತ್ತುತ್ತಿದ್ದುದು ಅಪ್ಪನ ಬಲಗೈ.